ಬಾಗಿದ ಬೆನ್ನುಗಳ ಚಿತ್ರಶಾಲೆ
ಸ್ವತಂತ್ರ ಪತ್ರಕರ್ತರೊಬ್ಬರ ವೃತ್ತಿಜೀವನ

ಕಳೆದ ಶ್ರಾವಣದಲ್ಲಿ ನಮ್ಮ ಹಳೆಯ ಚಂದಾದಾರರಾದ ತಾಯಿಯೊಬ್ಬರು ಕಾರ್ಯಾಲಯಕ್ಕೆ ಬಂದಿದ್ದರು. ಶರಣು ಹೇಳಿ ಕುಳಿತವರು ಬಹಳ ಹೊತ್ತು ಮಾತನಾಡಲಿಲ್ಲ. ಪದವಿ ಮುಗಿಸಿದ ಅವರ ಮಗಳು ಕೈಗೆ ಬಂದ ನೌಕರಿಯೊಂದನ್ನು ಬೇಡವೆಂದಿದ್ದಾಳೆ. ಯಾವ ಒಂದು ಪತ್ರಿಕೆಗೂ ಸೇರದೆ ಹಲವು ಪತ್ರಿಕೆಗಳಿಗೆ ಬರೆಯುವೆನೆಂದೂ, ಹಳ್ಳಿಗಳಲ್ಲಿ ಛಾಯಾಚಿತ್ರಗಳನ್ನು ತೆಗೆದು ಪ್ರದರ್ಶನಗಳನ್ನು ಏರ್ಪಡಿಸುವೆನೆಂದೂ ಹಟ ಹಿಡಿದಿದ್ದಾಳೆ. "ಅಣ್ಣಾರ, ಇದಕ್ಕ ನೌಕರಿ ಅಂತಾರೋ ಏನಂತಾರೋ ಅಷ್ಟು ಹೇಳ್ರಿ. ನಾಳೆ ಯಾರಾದ್ರೂ ಹುಡುಗಿ ಏನ್ ಮಾಡ್ತಾಳ ಅಂತ ಕೇಳಿದ್ರ ನಾನೇನು ಹೇಳ್ಲಿ?" ಎಂಬುದು ಆ ತಾಯಿಯ ಪ್ರಶ್ನೆ.

ಆ ಕ್ಷಣಕ್ಕೆ ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಕನ್ನಡದಲ್ಲಿ ಇಂಥವರನ್ನು 'ಹವ್ಯಾಸಿ ಪತ್ರಕರ್ತ'ರೆಂದು ಕರೆಯುವ ರೂಢಿಯಿದೆ. ಹವ್ಯಾಸವೆಂದರೆ ಬಿಡುವಿನ ವೇಳೆಯ ಸಂತೋಷ. ಅಂಚೆಚೀಟಿ ಕೂಡಿಡುವುದು, ಹೂವಿನ ಗಿಡ ಬೆಳೆಸುವುದು. ಇಡೀ ಜೀವನವನ್ನೇ ಒತ್ತೆಯಿಟ್ಟು ಮಾಡುವ ಕೆಲಸಕ್ಕೆ ಈ ಹೆಸರು ಹೇಗೆ ಅಂಟಿಕೊಂಡಿತೋ ಕಾಣೆವು. ಬಹುಶಃ ತಿಂಗಳ ಸಂಬಳವಿಲ್ಲದ ದುಡಿಮೆಯನ್ನು ದುಡಿಮೆಯೆಂದು ನಮ್ಮ ಮನಸ್ಸು ಒಪ್ಪುವುದಿಲ್ಲ. ಅಡಿಗೆಮನೆಯ ಕೆಲಸವನ್ನೂ ನಾವು ಹೀಗೆಯೇ ಲೆಕ್ಕದಿಂದ ಹೊರಗಿಟ್ಟಿದ್ದೇವಲ್ಲವೆ?

ಆ ತಾಯಿಗೆ ಹೇಳಬೇಕಾದ ಉತ್ತರವನ್ನು ಹುಡುಕುತ್ತ ಹೋದಾಗ ನಮ್ಮ ಮನಸ್ಸು ಬಂದು ನಿಂತದ್ದು ಪಿ. ಸಾಯಿನಾಥರ ಬಳಿ. ಅವರ ಹೆಸರನ್ನು ರೈತರ ಆತ್ಮಹತ್ಯೆಗಳ ವರದಿಗಳ ಮೂಲಕ ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಅವರು ತಮ್ಮ ಚಿತ್ರಗಳನ್ನು ಊರೂರಿಗೆ ಕೊಂಡೊಯ್ದು ತೂಗುಹಾಕಿದ ಕತೆ ಅಷ್ಟಾಗಿ ತಿಳಿದಿಲ್ಲ. ನಾವು ಹೇಳಹೊರಟಿರುವುದು ಮುಖ್ಯವಾಗಿ ಅದನ್ನೇ.

ಸಾಯಿನಾಥರು ಹುಟ್ಟಿದ್ದು 1957ರಲ್ಲಿ, ಮದ್ರಾಸಿನಲ್ಲಿ. ರಾಷ್ಟ್ರಪತಿಗಳಾಗಿದ್ದ ವಿ. ವಿ. ಗಿರಿಯವರ ಮೊಮ್ಮಗ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಇತಿಹಾಸವನ್ನು ಓದಿ, 1980ರಲ್ಲಿ ಯು.ಎನ್.ಐ. ಸುದ್ದಿಸಂಸ್ಥೆಯನ್ನು ಸೇರಿದರು. ಮುಂದೆ ಮುಂಬಯಿಯ 'ಬ್ಲಿಟ್ಜ್' ವಾರಪತ್ರಿಕೆಯಲ್ಲಿ ಉಪಸಂಪಾದಕ ಹುದ್ದೆಯವರೆಗೆ ಏರಿ ಸುಮಾರು ಹತ್ತು ವರ್ಷ ದುಡಿದರು. ಹೆಸರಿತ್ತು, ಕುರ್ಚಿಯಿತ್ತು, ಸಂಬಳವಿತ್ತು. ಇಂಥ ಮನೆತನದ, ಇಂಥ ವಿದ್ಯೆಯ ತರುಣನಿಗೆ ಬಾಗಿಲುಗಳು ಒಂದರ ಹಿಂದೊಂದು ತೆರೆಯುತ್ತಲೇ ಹೋಗುವ ಕಾಲವದು. 1993ರಲ್ಲಿ ಅವರು ಅದೆಲ್ಲವನ್ನೂ ಬಿಟ್ಟು ಎದ್ದರು.

ಆ ವರ್ಷ 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆ ನೀಡುತ್ತಿದ್ದ ಸಂಶೋಧನ ನೆರವಿಗೆ ಅವರು ಅರ್ಜಿ ಹಾಕಿದ್ದರು. ದೇಶದ ಅತ್ಯಂತ ಬಡ ಜಿಲ್ಲೆಗಳಿಗೆ ಹೋಗಿ ಅಲ್ಲಿಂದ ಬರೆಯುವೆನೆಂಬುದು ಅವರ ಯೋಜನೆ. ನಮ್ಮ ಓದುಗರಿಗೆ ಇಂಥದರಲ್ಲಿ ಆಸಕ್ತಿಯಿಲ್ಲವೆಂದರೆ ಏನು ಮಾಡುವಿರಿ ಎಂದು ಸಂದರ್ಶನದಲ್ಲಿ ಕೇಳಿದರಂತೆ. ಓದುಗರ ಪರವಾಗಿ ಹೀಗೆ ಹೇಳುವ ನೀವು ಅವರನ್ನು ಕಡೆಯ ಬಾರಿ ಭೇಟಿಯಾದದ್ದು ಯಾವಾಗ ಎಂದು ಇವರು ಮರುಪ್ರಶ್ನೆ ಹಾಕಿದರಂತೆ. ನೆರವು ದೊರೆಯಿತು. ಪತ್ರಿಕೆ ನಡೆಸುವ ನಮ್ಮಂಥವರು ಈ ಮರುಪ್ರಶ್ನೆಯನ್ನು ಆಗಾಗ ನೆನೆಯಬೇಕಾಗಿದೆ.

ಹೊರಟದ್ದು ಎಲ್ಲಿಗೆ? ಒಡಿಶಾದ ಕಾಳಾಹಂಡಿ, ನುವಾಪಾಡಾ, ಕೋರಾಪುಟ, ಮಲ್ಕಾನ್‌ಗಿರಿ, ಅಂದು ಬಿಹಾರಕ್ಕೆ ಸೇರಿದ್ದು 2000ದಿಂದ ಝಾರ್ಖಂಡದಲ್ಲಿರುವ ಪಲಾಮು ಮತ್ತು ಗೊಡ್ಡಾ, ಅಂದು ಮಧ್ಯಪ್ರದೇಶದಲ್ಲಿದ್ದು ಈಗ ಛತ್ತೀಸಗಢಕ್ಕೆ ಸೇರಿದ ಸರ್ಗುಜಾ, ಮಧ್ಯಪ್ರದೇಶದ ಝಾಬುವಾ, ತಮಿಳುನಾಡಿನ ರಾಮನಾಥಪುರಂ, ಪುದುಕ್ಕೋಟ್ಟೈ. ಬಸ್ಸು, ರೈಲು, ದೋಣಿ, ಲಾರಿ ಎಂದು ಹದಿನಾರು ಬಗೆಯ ವಾಹನಗಳಲ್ಲಿ ಸುಮಾರು ಒಂದು ಲಕ್ಷ ಕಿಲೋಮೀಟರು. ಅದರಲ್ಲಿ 5,000 ಕಿಲೋಮೀಟರು ಬರಿಯ ಕಾಲ್ನಡಿಗೆ. ಸುಗ್ಗಿ ಮುಗಿದ ಮೇಲೆ, ಹೊಲದಲ್ಲಿ ಕೆಲಸವಿಲ್ಲದ ಇನ್ನೂರು ಇನ್ನೂರೈವತ್ತು ದಿನಗಳನ್ನು ಬಡವನು ಹೇಗೆ ಕಳೆಯುತ್ತಾನೆ ಎಂಬುದು ಅವರು ಕಟ್ಟಿಕೊಂಡ ಪ್ರಶ್ನೆ. ಹದಿನೆಂಟು ತಿಂಗಳಲ್ಲಿ 84 ವರದಿಗಳು ಪತ್ರಿಕೆಯಲ್ಲಿ ಪ್ರಕಟವಾದವು. ಹಸಿವಿನ ಸಾವು ಸಂಭವಿಸಿದ ಮೇಲೆ ಓಡಿಬರುವುದು ಒಂದು ಬಗೆಯ ಪತ್ರಿಕೋದ್ಯಮ. ಸಾವು ಬರದಂತೆ ಜನ ದಿನನಿತ್ಯ ಏನು ಮಾಡುತ್ತಾರೆಂದು ಪಕ್ಕದಲ್ಲಿ ನಡೆದು ನೋಡುವುದು ಇನ್ನೊಂದು ಬಗೆ.

ಗೊಡ್ಡಾದಲ್ಲಿ ಅವರು ಸೈಕಲ್ಲಿನ ಮೇಲೆ ಕಲ್ಲಿದ್ದಲು ಹೇರಿಕೊಂಡು ತಳ್ಳುತ್ತ ಹೋಗುವವರ ಜೊತೆ ನಡೆದರು. ಒಂದೊಂದು ಸೈಕಲ್ಲಿನ ಮೇಲೆ ಎರಡೂವರೆ ಕ್ವಿಂಟಾಲಿನ ಹೊರೆ, ನಲವತ್ತು ಅರವತ್ತು ಕಿಲೋಮೀಟರಿನ ದಾರಿ, ಮೂರು ದಿನದ ಪಾಡು. ಗಳಿಕೆಯನ್ನು ಲೆಕ್ಕಹಾಕಿದರೆ ಅಂದಿನ ದಿನಕ್ಕೆ ಹತ್ತು ರೂಪಾಯಿ. ಈ ಲೆಕ್ಕವನ್ನು ಹಾಕಲು ಪಟ್ಟಣದಲ್ಲಿ ಕುಳಿತು ಸಾಧ್ಯವಿಲ್ಲ.

ಈ ವರದಿಗಳೇ 1996ರಲ್ಲಿ ಪುಸ್ತಕವಾಗಿ ಬಂದವು. ಜಿ. ಎನ್. ಮೋಹನ್ ಅವರು ಅದನ್ನು 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ಈ ವಿಚಿತ್ರ ಹೆಸರಿನ ಹಿಂದೆ ಪಲಾಮು ಕಡೆಯ ಜನರ ಕಹಿ ಹಾಸ್ಯವಿದೆ. ವರ್ಷಕ್ಕೆ ಎರಡು ಬೆಳೆ ಬೆಳೆಯುವುದು ರೈತ. ಬರಪರಿಹಾರವೆಂಬ ಮೂರನೆಯ ಬೆಳೆಯನ್ನು ಕೊಯ್ದುಕೊಳ್ಳುವವರು ಬೇರೆಯವರು. ಕಾಳಾಹಂಡಿಯಂಥ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆಂದು ಓದಿದಾಗ, ಅದರ ಅರ್ಧದಷ್ಟು ಮಳೆಗೆ ಬಾಯಿಬಿಡುವ ನಮ್ಮ ವಿಜಯಪುರ, ಕೊಪ್ಪಳ, ರಾಯಚೂರು ಕಡೆಯ ಓದುಗರು ಬೆರಗಾಗದಿರರು. ಮಳೆ ಬಿದ್ದರೂ ನೀರು ಯಾರ ಪಾಲಾಗುತ್ತದೆಂಬುದರಲ್ಲಿ ಬರದ ಬೇರಿದೆಯೆಂದು ಆ ಪುಸ್ತಕ ತೋರಿಸಿತು.

ಅದರಲ್ಲಿ ಕಣ್ಣೀರಿನ ಕತೆಗಳಷ್ಟೇ ಇವೆಯೆಂದು ಭಾವಿಸಬೇಕಾಗಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನದ ಜೊತೆಜೊತೆಗೆ ಲಕ್ಷಕ್ಕೂ ಮೀರಿ ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಹೆಣ್ಣುಮಕ್ಕಳ ಸೈಕಲ್ಲುಗಳು ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ಕೊಂಡು ಏರಿದರು. ಮುಂದಿನ ಅಡ್ಡಪಟ್ಟಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಲು ಅದೇ ಅನುಕೂಲವೆಂದು ಕಂಡುಕೊಂಡರು! ಆಡಿಕೊಳ್ಳುವವರು ಆಡಿಕೊಂಡರು, ಸೈಕಲ್ ನಿಲ್ಲಲಿಲ್ಲ. ನೀರು ತರುವುದಕ್ಕೆ, ಹೊಲದ ಮಾಲನ್ನು ಮಾರುವುದಕ್ಕೆ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ ಗಂಡನನ್ನೋ ಬಸ್ಸನ್ನೋ ಕಾಯುವುದು ತಪ್ಪಿತು. ಕೇಂದ್ರ ಪಠ್ಯಕ್ರಮದ ಎಂಟನೆಯ ತರಗತಿಯ ಹಿಂದಿ ಪುಸ್ತಕದಲ್ಲಿ ಈ ಬರಹ ಬಹುಕಾಲ ಪಾಠವಾಗಿತ್ತು. ನಮ್ಮ ಓದುಗರ ಮನೆಯ ಮಕ್ಕಳಲ್ಲಿ ಕೆಲವರಾದರೂ ಬರೆದವರ ಹೆಸರನ್ನು ಗಮನಿಸದೆ ಅದನ್ನು ಓದಿರಬೇಕು.

ಇನ್ನು ಚಿತ್ರಗಳ ವಿಷಯ. ವರದಿಗಾಗಿ ಊರೂರು ಅಲೆಯುವಾಗ ಸಾಯಿನಾಥರ ಹೆಗಲಲ್ಲಿ ಕ್ಯಾಮೆರಾ ಇರುತ್ತಿತ್ತು. 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ತೆಗೆದ ಛಾಯಾಚಿತ್ರಗಳನ್ನು ಆಯ್ದು ಅವರು ಒಂದು ಪ್ರದರ್ಶನವನ್ನು ಕಟ್ಟಿದರು. ಅದರ ಹೆಸರನ್ನು ಕನ್ನಡದಲ್ಲಿ 'ಕಾಣುವ ಕೆಲಸ, ಕಾಣದ ಹೆಂಗಸರು' ಎನ್ನಬಹುದು. ವಿಷಯ ಒಂದೇ: ಹಳ್ಳಿಯ ಹೆಣ್ಣಿನ ದುಡಿಮೆ. ಚಿತ್ರದ ಪಕ್ಕದಲ್ಲಿ ಅದೇ ಹಲಗೆಯ ಮೇಲೆ ಒಂದಿಷ್ಟು ಬರಹ. ಈ ಹಲಗೆಗಳನ್ನು ಕಲಾಶಾಲೆಗಳ ಗೋಡೆಗಷ್ಟೇ ಬಿಡದೆ ಹಳ್ಳಿಗಳಿಗೆ, ಕಾಲೇಜುಗಳಿಗೆ, ಕಾರ್ಖಾನೆಯ ಬಾಗಿಲುಗಳಿಗೆ, ಬಸ್ಸು ರೈಲು ನಿಲ್ದಾಣಗಳಿಗೆ ಹೊತ್ತುಕೊಂಡು ಹೋದರು. ಕಲಾಪ್ರದರ್ಶನವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ತಣ್ಣನೆಯ ಕೋಣೆ, ಮೆಲುಮಾತು, ಅತಿಥಿಗಳ ಸಹಿಪುಸ್ತಕ. ಚಿತ್ರದಲ್ಲಿರುವ ಕೂಲಿಯ ಹೆಂಗಸು ಅಂಥ ಕೋಣೆಯ ಬಾಗಿಲಿಗೂ ಬರಲಾರಳು. ಆದ್ದರಿಂದ ಚಿತ್ರವೇ ಎದ್ದು ಅವಳಿದ್ದಲ್ಲಿಗೆ ಹೋಯಿತು. ಲಕ್ಷಾಂತರ ಜನ ಅದನ್ನು ಕಂಡರು.

ಅದರಲ್ಲಿನ ಒಂದು ಚಿತ್ರ ನಮ್ಮನ್ನು ಬಹುದಿನ ಬಿಡಲಿಲ್ಲ. ಅದರಲ್ಲಿ ಒಂದು ಹೊಲ. ಹೊಲದ ಯಜಮಾನನು ಛಾಯಾಚಿತ್ರಕ್ಕೆಂದು ನೆಟ್ಟಗೆ, ಹೆಮ್ಮೆಯಿಂದ ನಿಂತಿದ್ದಾನೆ. ಅವನ ಹಿಂದೆ ಕೆಲಸ ಮಾಡುತ್ತಿರುವ ಹೆಂಗಸರು ಬಾಗಿದವರು ಬಾಗಿದಂತೆಯೇ ಇದ್ದಾರೆ. ಅವರು ಒಡಿಶಾದ ರಾಯಗಡದ, ತುಂಡು ಭೂಮಿಯೂ ಇಲ್ಲದ ಹೆಣ್ಣುಮಕ್ಕಳು. ದಿನಕ್ಕೆ ನಲವತ್ತು ರೂಪಾಯಿ ಕೊಡುತ್ತೇನೆಂದು ಯಜಮಾನ ಹೇಳಿದನಂತೆ. ಕೈಗೆ ಬರುವುದು ಇಪ್ಪತ್ತೈದೆಂದು ಹೆಂಗಸರು ಹೇಳಿದರಂತೆ. ಚಿತ್ರದಲ್ಲಿ ಯಾರೂ ಅಳುತ್ತಿಲ್ಲ, ಯಾರೂ ಯಾರನ್ನೂ ಹೊಡೆಯುತ್ತಿಲ್ಲ. ಒಬ್ಬ ನಿಂತಿದ್ದಾನೆ, ಉಳಿದವರು ಬಾಗಿದ್ದಾರೆ, ಅಷ್ಟೇ. ನಾಟಿ, ಕಳೆ, ಕೊಯ್ಲು. ಮನೆಗೆ ಬಂದರೆ ಕಸ, ಮುಸುರೆ, ಒಲೆ, ಬಟ್ಟೆ. ಹೆಂಗಸಿನ ಕೆಲಸಗಳಲ್ಲಿ ಎಷ್ಟು ಕೆಲಸ ಬೆನ್ನು ಬಾಗಿಸಿಯೋ ಕುಕ್ಕರಗಾಲಿನಲ್ಲೋ ನಡೆಯುತ್ತದೆಂಬುದನ್ನು ಆ ಹಲಗೆ ಒಂದೇ ನೋಟಕ್ಕೆ ತೋರಿಸಿಬಿಡುತ್ತದೆ.

ಇನ್ನೊಂದು ಹಲಗೆಯಲ್ಲಿ ಇಟ್ಟಿಗೆಯ ಭಟ್ಟಿ. ಆಗತಾನೆ ಸುಟ್ಟು ತೆಗೆದ, ಇನ್ನೂ ಬಿಸಿಯಾರದ ಇಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಹೆಂಗಸರು ಸಾಲಾಗಿ ನಡೆಯುತ್ತಿದ್ದಾರೆ. ಹೊರಗಿನ ಬಿಸಿಲೇ 49 ಡಿಗ್ರಿ. ಭಟ್ಟಿಯ ಬಳಿ ಇನ್ನೂ ಹೆಚ್ಚು. ಅವರ ದಿನಗೂಲಿ ಹತ್ತು ಹನ್ನೆರಡು ರೂಪಾಯಿ, ಗಂಡಸರದು ಹದಿನೈದು ಇಪ್ಪತ್ತು. ಗಂಡಸರ ಕೂಲಿಯೂ ಕೂಲಿಯೆನ್ನುವಂಥದಲ್ಲ. ಆ ಅಲ್ಪದಲ್ಲಿಯೂ ಒಂದು ಮೆಟ್ಟಿಲು ಕೆಳಗೆ ಹೆಂಗಸಿದ್ದಾಳೆ.

ಛಾಯಾಗ್ರಹಣದ ಸ್ಪರ್ಧೆಗಳಲ್ಲಿ ತೀರ್ಪು ಕೊಡುವ ನಮ್ಮ ಸ್ನೇಹಿತರೊಬ್ಬರು ಈ ಚಿತ್ರಗಳಲ್ಲಿ ಬೆಳಕಿನ ಹೊಂದಾಣಿಕೆ ಸಾಲದೆಂದು ಟೀಕಿಸಿದ್ದುಂಟು. ಕೆಲವು ಚಿತ್ರಗಳ ಮಟ್ಟಿಗೆ ಅದನ್ನು ಒಪ್ಪಬಹುದು. ಆದರೆ ಬೆಳಕು ಹದವಾಗುವವರೆಗೆ ಆ ಹೆಂಗಸರು ಇಟ್ಟಿಗೆ ಹೊತ್ತು ಕಾಯುತ್ತ ನಿಲ್ಲಬೇಕಾಗಿತ್ತೆ ಎಂದು ಕೇಳಿದಾಗ ಸ್ನೇಹಿತರು ನಕ್ಕು ಸುಮ್ಮನಾದರು.

ಇದನ್ನೆಲ್ಲ ಆಂಧ್ರದ, ಒಡಿಶಾದ ಮಾತೆಂದು ದೂರವಿಡುವಂತಿಲ್ಲ. ಜನಗಣತಿಯವರು ಬಂದಾಗ ನಮ್ಮ ಮನೆಗಳಲ್ಲಿ ನಡೆಯುವ ಸಂಭಾಷಣೆಯನ್ನು ನೆನೆದುಕೊಳ್ಳೋಣ. "ಮನೆಯಾಕಿ ಏನ್ ಮಾಡ್ತಾರ್ರೀ?" "ಏನೂ ಇಲ್ರೀ, ಮನ್ಯಾಗ ಇರ್ತಾಳ." ಹೀಗೆ ಹೇಳುವ ಯಜಮಾನನಿಗೆ ಆ ಬೆಳಗಿನ ಎರಡು ರೊಟ್ಟಿಯನ್ನು ಬಡಿದವಳು, ಎಮ್ಮೆಯ ಹಾಲು ಹಿಂಡಿದವಳು, ಮಧ್ಯಾಹ್ನ ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಸಂಜೆಯವರೆಗೆ ಕಳೆ ತೆಗೆಯುವವಳು ಅವಳೇ. ಸುಳ್ಳು ಹೇಳಬೇಕೆಂಬ ಉದ್ದೇಶ ಅವನಿಗಿಲ್ಲ. ಅವನ ಕಣ್ಣಿಗೆ ಅದು ಕಂಡಿಲ್ಲ. ಅವಳಾದರೂ ಬಾಗಿಲ ಹಿಂದೆ ನಿಂತು ಹೌದೆಂದೇ ತಲೆಯಾಡಿಸುತ್ತಾಳೆ. ಕಾಯಕದ ಮಾತನ್ನು ಬಾಯ್ತುಂಬ ಆಡುವ ನಾವು ನಮ್ಮ ಮನೆಯೊಳಗಿನ ಕಾಯಕವನ್ನು 'ಏನೂ ಇಲ್ಲ' ಎಂದು ಬರೆಸುತ್ತ ಬಂದಿದ್ದೇವೆಂದರೆ ಓದುಗರು ಕೋಪಿಸಿಕೊಳ್ಳಬಾರದು. ನಾವೂ ಹಾಗೆ ಬರೆಸಿದವರೇ.

2004ರಲ್ಲಿ ಸಾಯಿನಾಥರು 'ದಿ ಹಿಂದೂ' ಪತ್ರಿಕೆಯ ಗ್ರಾಮೀಣ ವಿಭಾಗದ ಸಂಪಾದಕರಾದರು. ವಿದರ್ಭದ ಹತ್ತಿ ಬೆಳೆಗಾರರ ಸಾವಿನ ವರದಿಗಳು ಈ ಕಾಲದವು. ಈ ಅವಧಿಯನ್ನು ಕುರಿತು ಬೇಕಾದಷ್ಟು ಬರಹಗಳಿವೆ. ನಾವು ಇಲ್ಲಿ ಬೆಳೆಸುವುದಿಲ್ಲ. 2014ರಲ್ಲಿ ಆ ಹುದ್ದೆಯನ್ನೂ ಬಿಟ್ಟು, ಅದೇ ವರ್ಷದ ಡಿಸೆಂಬರ್ 20ರಂದು 'ಪರಿ' ಎಂಬ ಹೆಸರಿನ ಗ್ರಾಮೀಣ ಭಾರತದ ಜನರ ದಾಖಲೆಗಾರವನ್ನು ಅಂತರಜಾಲದಲ್ಲಿ ತೆರೆದರು. ಹಳ್ಳಿಯ ಕಸುಬುಗಳು, ಭಾಷೆಗಳು, ಹಾಡುಗಳು, ಮುಖಗಳು ಅಲ್ಲಿ ಸಂಗ್ರಹವಾಗುತ್ತಿವೆ. ಕನ್ನಡವೂ ಸೇರಿ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬರಹಗಳು ಬರುತ್ತವೆ. ಮೇಲೆ ಹೇಳಿದ ಪ್ರದರ್ಶನದ ಹಲಗೆಗಳನ್ನೂ ಅಲ್ಲಿ ಇಡಲಾಗಿದೆ. ಕೈಯಲ್ಲಿ ಮೊಬೈಲು ಇರುವ ಯಾರೂ ಕಾಸು ಕೊಡದೆ ನೋಡಬಹುದು.

ಈ ದಾಖಲೆಗಾರದ ಕೆಲಸಗಳಲ್ಲಿ ನಮಗೆ ಅತ್ಯಂತ ಪ್ರಿಯವಾದುದು ಬೀಸುವ ಕಲ್ಲಿನ ಹಾಡುಗಳದು. ಪುಣೆಯಲ್ಲಿದ್ದುಕೊಂಡು ಗೀ ಪ್ವಾತ್ವಾಂ ಎಂಬ ಫ್ರೆಂಚ್ ಮೂಲದ ಸಮಾಜಶಾಸ್ತ್ರಜ್ಞರೂ ಹೇಮಾ ರಾಯರ್ಕರರೂ ಮಹಾರಾಷ್ಟ್ರದ ಹಳ್ಳಿಗಳಲ್ಲಿ ವರ್ಷಗಟ್ಟಲೆ ದುಡಿದು ಲಕ್ಷಕ್ಕೂ ಮಿಕ್ಕ ಬೀಸುವ ಪದಗಳನ್ನು ಕೂಡಿಸಿಟ್ಟಿದ್ದರು. ಆ ಸಂಗ್ರಹವನ್ನು 2017ರಿಂದ 'ಪರಿ' ಸಾರ್ವಜನಿಕರ ಮುಂದೆ ಇಡುತ್ತಿದೆ. ಇದೇನೆಂದು ನಮ್ಮ ಹಿರಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಬೆಳಗಿನ ಜಾವ ಕೋಳಿ ಕೂಗುವ ಮೊದಲೇ ಎದ್ದು, ಇಬ್ಬರು ಎದುರುಬದುರು ಕುಳಿತು, ಒಂದೇ ಗೂಟವನ್ನು ಹಿಡಿದು ಜೋಳ ಬೀಸುತ್ತ, ತವರನ್ನೂ ಅಣ್ಣತಮ್ಮಂದಿರನ್ನೂ ಅತ್ತೆಯ ಕಾಟವನ್ನೂ ಹಾಡಿಗಿಟ್ಟ ನಮ್ಮ ಅಜ್ಜಿಯರು ಆಗಿಹೋದದ್ದು ಬಹಳ ಹಿಂದಿನ ಮಾತೇನಲ್ಲ. ಗಂಡಸರ ಕಿವಿಗೆ ಬೀಳದ ಹೊತ್ತಿನಲ್ಲಿ ಹಾಡಿದ್ದರಿಂದಲೇ ಆ ಹಾಡುಗಳಲ್ಲಿ ಅಷ್ಟು ಧೈರ್ಯವಿತ್ತೋ ಏನೋ. ಹಿಟ್ಟಿನ ಗಿರಣಿ ಬಂದ ದಿನ ಅವರ ರಟ್ಟೆಗೆ ಬಿಡುವು ಸಿಕ್ಕಿತು, ಹಾಡು ಕಟ್ಟಿಹೋಯಿತು. ಗಿರಣಿಯನ್ನು ಹಳಿಯುವಷ್ಟು ನಾವು ಮೂಢರಲ್ಲ. ಆದರೆ ಮರಾಠಿ ಅಜ್ಜಿಯರ ಪದಗಳನ್ನು ಕೇಳುವಾಗ, ನಮ್ಮ ಅಜ್ಜಿಯ ಪದಗಳನ್ನು ಬರೆದಿಟ್ಟುಕೊಳ್ಳಲಿಲ್ಲವೆಂಬ ಕೊರಗು ಮನಸ್ಸನ್ನು ಹಿಂಡುತ್ತದೆ.

ಪ್ರಶಸ್ತಿಗಳ ಮಾತು. 2007ರಲ್ಲಿ ಅವರಿಗೆ ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳ ವಿಭಾಗದಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಸರ್ಕಾರಗಳು ಕೊಡುವ ಪುರಸ್ಕಾರವನ್ನು ಪತ್ರಕರ್ತನು ಮುಟ್ಟಬಾರದು, ತಾನು ಪ್ರಶ್ನಿಸಬೇಕಾದವರ ಕೈಯಿಂದ ಹಾರ ಹಾಕಿಸಿಕೊಳ್ಳಬಾರದು ಎಂಬುದು ಅವರ ನಿಲುವು. ನಮ್ಮ ಸಮಾಜಕ್ಕೆ ಸಂಬಂಧಿಸಿದ ಸಂಗತಿಯೊಂದನ್ನು ಇಲ್ಲಿ ಮುಚ್ಚಿಡುವುದು ತರವಲ್ಲ. ಕರ್ನಾಟಕದ ಮಠವೊಂದು ತನ್ನ ಬಸವಶ್ರೀ ಪ್ರಶಸ್ತಿಯನ್ನು ಅವರಿಗೆ 2017ರಲ್ಲಿ ಪ್ರದಾನ ಮಾಡಿತ್ತು. ಆ ಪೀಠದ ಮೇಲೆ ಮಕ್ಕಳಿಗೆ ಸಂಬಂಧಿಸಿದ ಗಂಭೀರ ಆರೋಪದ ಮೊಕದ್ದಮೆ ದಾಖಲಾದಾಗ, 2022ರ ಸೆಪ್ಟೆಂಬರಿನಲ್ಲಿ, ಅವರು ಪ್ರಶಸ್ತಿಯನ್ನೂ ಅದರೊಂದಿಗಿನ ಐದು ಲಕ್ಷ ರೂಪಾಯಿಗಳನ್ನೂ ಮರಳಿಸುವುದಾಗಿ ಪ್ರಕಟಿಸಿದರು. ಮೊಕದ್ದಮೆಯ ಸತ್ಯಾಸತ್ಯ ನ್ಯಾಯಾಲಯಕ್ಕೆ ಸೇರಿದ್ದು. ಅದರಲ್ಲಿ ನಾವು ಬಾಯಿ ಹಾಕುವುದಿಲ್ಲ. ಅಂದು ನಮ್ಮಲ್ಲಿ ಕೆಲವರಿಗೆ ಆ ನಡೆ ನೋವನ್ನುಂಟುಮಾಡಿತೆಂಬುದು ನಿಜ. ತಿಂಗಳ ಸಂಬಳದ ನಿಶ್ಚಿತತೆಯಿಲ್ಲದ ವೃತ್ತಿಯಲ್ಲಿರುವವನಿಗೆ ಐದು ಲಕ್ಷವೆಂದರೆ ಎಷ್ಟೆಂಬುದನ್ನೂ ನೋವುಂಡವರು ಯೋಚಿಸಬೇಕೆಂದು ನಮಗೆ ತೋರುತ್ತದೆ.

ಇಷ್ಟನ್ನೂ ಆ ತಾಯಿಗೆ ಪತ್ರದಲ್ಲಿ ಬರೆದೆವು. "ಊಟಕ್ಕೇನು ಮಾಡ್ತಾರ?" ಎಂದು ಅವರು ಹೋಗುವಾಗ ಕೇಳಿದ್ದಕ್ಕೂ ಉತ್ತರಿಸಬೇಕಾಗಿತ್ತು. ಸಾಯಿನಾಥರು ಮುಂಬಯಿಯ ಸೋಫಿಯಾ ಪಾಲಿಟೆಕ್ನಿಕ್ಕಿನಲ್ಲಿ ದಶಕಗಳ ಕಾಲ ಪತ್ರಿಕೋದ್ಯಮದ ಪಾಠ ಹೇಳಿದವರೆಂದೂ, ಬರಹ ಒಂದನ್ನೇ ನಂಬಿದರೆ ನಮ್ಮ ಕನ್ನಡ ಪತ್ರಿಕೆಗಳ ಸಂಭಾವನೆಯಲ್ಲಿ ಬಾಡಿಗೆ ಕಟ್ಟುವುದೂ ಕಷ್ಟವೆಂದೂ, ಕೆಲವು ಪತ್ರಿಕೆಗಳು ಆ ಸಂಭಾವನೆಯನ್ನೂ ವರ್ಷವಾದ ಮೇಲೆ ಕಳಿಸುತ್ತವೆಂದೂ ಮುಚ್ಚುಮರೆಯಿಲ್ಲದೆ ತಿಳಿಸಿದೆವು. ನಮ್ಮ ಪತ್ರಿಕೆಯೂ ಈ ಆಪಾದನೆಯಿಂದ ಪೂರ್ತಿ ಹೊರತಲ್ಲ. ಪಕ್ಕದಲ್ಲಿ ಒಂದು ಸಣ್ಣ ಉಪಕಸುಬು ಇರಲಿ, ಅನುವಾದವೋ ಪಾಠ ಹೇಳುವುದೋ ಯಾವುದಾದರೊಂದು ಇರಲಿ ಎಂದೂ ಬರೆದೆವು. ಪತ್ರದೊಡನೆ ಮೋಹನ್ ಅವರ ಅನುವಾದದ ಪ್ರತಿಯೊಂದನ್ನು ಅಂಚೆಯಲ್ಲಿ ಕಳಿಸಿದೆವು.

ದೀಪಾವಳಿ ಕಳೆದ ಮೇಲೆ ಉತ್ತರ ಬಂದಿತು. ತಂದೆಯವರು ಮಗಳಿಗೆ ಎರಡು ವರ್ಷದ ಗಡುವು ಕೊಟ್ಟಿದ್ದಾರಂತೆ. ಕ್ಯಾಮೆರಾ ಸೋದರಮಾವನದು, ಎರವಲು. ಬ್ಯಾಡಗಿಯ ಕಡೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಜೊತೆ ಹುಡುಗಿ ನಾಲ್ಕು ದಿನ ಕುಳಿತು ಬಂದಿದ್ದಾಳೆ. ಬಂದ ರಾತ್ರಿಯೆಲ್ಲ ಸೀನುತ್ತಿದ್ದಳು, ಕೈ ಉರಿಯೆಂದು ನಿದ್ದೆ ಮಾಡಲಿಲ್ಲ, ಬೆಣ್ಣೆ ಹಚ್ಚಿದೆ ಎಂದು ತಾಯಿ ಬರೆದಿದ್ದಾರೆ. ಚಿತ್ರಗಳನ್ನು ಮೊದಲು ಆ ಹೆಂಗಸರಿಗೇ ತೋರಿಸಬೇಕೆಂದು ಮಗಳ ಪಟ್ಟು. ಯಾವ ಗೋಡೆಗೆ ತೂಗುಹಾಕುವುದೆಂದು ಮನೆಯಲ್ಲಿ ಚರ್ಚೆ ನಡೆದಿದೆಯಂತೆ.